ಮನೆಯಲ್ಲೇ ಕಟ್ಟುವ ಟರ್ಬೊ ಸ್ಪೋರ್ಟ್ಸ್ ಕಾರು: ಚೌಕಟ್ಟಿನಿಂದ ಪರೀಕ್ಷಾ ಓಟದವರೆಗೆ

ಕಾರು ಎಂದರೆ ಕಾರ್ಖಾನೆಯಲ್ಲಿ ತಯಾರಾಗಿ ಷೋರೂಮಿನಲ್ಲಿ ಮಾರಾಟವಾಗುವ ಸರಕು ಎಂಬುದು ನಮ್ಮಲ್ಲಿನ ರೂಢಿಯ ತಿಳಿವಳಿಕೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳಲ್ಲಿ ಮಾತ್ರ ಇನ್ನೊಂದು ಪರಂಪರೆಯೂ ಇದೆ. ಅಲ್ಲಿನ ಹವ್ಯಾಸಿಗಳು ಮನೆಯ ಗ್ಯಾರೇಜಿನಲ್ಲೇ ನಕ್ಷೆ ಬರೆದು, ಉಕ್ಕಿನ ಕೊಳವೆ ಕತ್ತರಿಸಿ, ಬೆಸುಗೆ ಹಾಕಿ, ಹಳೆಯ ಕಾರೊಂದರ ಎಂಜಿನ್ ಕೂರಿಸಿ ತಮ್ಮದೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುತ್ತಾರೆ. ಅವರಲ್ಲಿ ಸಾಹಸಿಗಳು ಅದಕ್ಕೆ ಟರ್ಬೊಚಾರ್ಜರನ್ನೂ ಜೋಡಿಸುತ್ತಾರೆ. ಟರ್ಬೊದಿಂದ ಎಂಜಿನ್ ಶಕ್ತಿಯನ್ನು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿಸುವುದು ಇಂದು ದೊಡ್ಡ ಮಾತಲ್ಲ. ಆ ಹೆಚ್ಚುವರಿ ಶಕ್ತಿಯನ್ನೂ ಅದರೊಂದಿಗೆ ಬರುವ ಶಾಖವನ್ನೂ ಚಾಸಿ, ಬ್ರೇಕು, ಆಯಿಲು, ಇಂಧನ ವ್ಯವಸ್ಥೆಗಳೆಲ್ಲ ತಾಳಿಕೊಳ್ಳುವಂತೆ ಮಾಡುವುದರಲ್ಲೇ ನಿರ್ಮಾಪಕನ ವರ್ಷಗಳು ಕಳೆಯುತ್ತವೆ. ತಪ್ಪಿದರೆ ಕೆಡುವುದು ಎಂಜಿನ್ ಒಂದೇ ಅಲ್ಲ, ಸ್ಟಿಯರಿಂಗ್ ಹಿಂದೆ ಕುಳಿತವನ ಜೀವಕ್ಕೂ ಅಪಾಯ.

ಸೆವೆನ್ ವಂಶಾವಳಿ

ಈ ಹವ್ಯಾಸದ ಮೂಲಪುರುಷನೆಂದು ಕರೆಯಬಹುದಾದವನು ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್. 1948ರಲ್ಲಿ ಲಂಡನ್‌ನಲ್ಲಿ, ಮುಂದೆ ತನ್ನ ಪತ್ನಿಯಾಗಲಿದ್ದ ಹೇಝಲ್ ಅವರ ಹೆತ್ತವರ ಮನೆಯ ಗ್ಯಾರೇಜಿನಲ್ಲಿ, ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ಮರುರೂಪಿಸಿದ್ದೇ ಮೊದಲ ಲೋಟಸ್. 1957ರಲ್ಲಿ ಆತನ ಸಂಸ್ಥೆ ಹೊರತಂದ 'ಲೋಟಸ್ ಸೆವೆನ್' ಇಬ್ಬರೇ ಕೂರಬಹುದಾದ, ಬಾಗಿಲೂ ಚಾವಣಿಯೂ ಇಲ್ಲದ ಹಗುರ ಕಾರು. ಬಿಡಿಭಾಗಗಳ ರೂಪದಲ್ಲಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗಿನ ಬ್ರಿಟನ್‌ನಲ್ಲಿ ಖರೀದಿ ತೆರಿಗೆ ಕೊಡಬೇಕಿರಲಿಲ್ಲ. ಜೋಡಣೆಯ ಸೂಚನೆ ಕೊಟ್ಟರೆ ಈ ವಿನಾಯಿತಿ ತಪ್ಪುತ್ತದೆಂದು ಕಾರನ್ನು 'ಬಿಚ್ಚುವ' ಸೂಚನೆಯನ್ನು ಕೊಡಲಾಗುತ್ತಿತ್ತು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಳ್ಳುತ್ತಿದ್ದರು ಎಂಬ ಕಥೆ ಇಂದಿಗೂ ಪ್ರಚಲಿತ. 1973ರಲ್ಲಿ ಈ ಮಾದರಿಯ ಹಕ್ಕುಗಳು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾದವು.

ಸೆವೆನ್‌ನ ಪ್ರಭಾವ ದೂರದ ಡರ್ಬನ್‌ಗೂ ಮುಟ್ಟಿತ್ತು. ದಕ್ಷಿಣ ಆಫ್ರಿಕದ ಆ ನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಗಾರ್ಡನ್ ಮರ್ರೆ ಎಂಬ ಯುವಕ, ಫೋರ್ಡ್ ಆಂಗ್ಲಿಯಾ ಕಾರಿನ ಎಂಜಿನ್ ಬಳಸಿ ತನ್ನದೇ ವಿನ್ಯಾಸದ ಕಾರೊಂದನ್ನು ಕಟ್ಟಿದ. ತನ್ನ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ 'ಐಜಿಎಂ ಫೋರ್ಡ್' ಎಂದು ಹೆಸರಿಟ್ಟು 1967 ಮತ್ತು 1968ರಲ್ಲಿ ಸ್ಪರ್ಧೆಗಳಲ್ಲಿ ಓಡಿಸಿದ. 1969ರ ಕೊನೆಯಲ್ಲಿ ಇಂಗ್ಲೆಂಡಿಗೆ ಬಂದು ಬ್ರಭಾಮ್ ರೇಸಿಂಗ್ ತಂಡ ಸೇರಿದ ಮರ್ರೆ ವಿನ್ಯಾಸಗೊಳಿಸಿದ 'ಬಿಟಿ 52' ಕಾರಿನಲ್ಲೇ ನೆಲ್ಸನ್ ಪಿಕೆ 1983ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದು. ಟರ್ಬೊ ಎಂಜಿನ್‌ನ ಕಾರಿನಲ್ಲಿ ಚಾಲಕನೊಬ್ಬ ಗೆದ್ದ ಮೊದಲ ವಿಶ್ವ ಪ್ರಶಸ್ತಿ ಅದು. ಬಿಎಂಡಬ್ಲ್ಯು ಒದಗಿಸಿದ ಆ ಒಂದೂವರೆ ಲೀಟರಿನ ಎಂಜಿನ್‌ನ ಸಿಲಿಂಡರ್ ಬ್ಲಾಕ್, ಮಾಮೂಲಿ ರಸ್ತೆ ಕಾರುಗಳ ಬ್ಲಾಕ್‌ನಿಂದಲೇ ರೂಪುಗೊಂಡಿತ್ತು ಎಂಬುದು ಹವ್ಯಾಸಿಗಳಿಗೆ ಇಂದಿಗೂ ಹುಮ್ಮಸ್ಸು ಕೊಡುವ ಸಂಗತಿ.

ಮನೆಯಲ್ಲಿ ಕಾರು ಕಟ್ಟುವ ಕೆಲಸ ನಿಜವಾಗಿ ಜನಸಾಮಾನ್ಯರ ಕೈಗೆ ಬಂದದ್ದು 1996ರಲ್ಲಿ. ರಾನ್ ಚಾಂಪಿಯನ್ ಎಂಬಾತ ಬರೆದು ಹೇನ್ಸ್ ಪ್ರಕಾಶನ ಹೊರತಂದ ಕೈಪಿಡಿ, ಕೇವಲ 250 ಪೌಂಡ್ ವೆಚ್ಚದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಶೀರ್ಷಿಕೆಯಲ್ಲೇ ಸಾರಿತು. ಗುಜರಿ ಸೇರಬೇಕಿದ್ದ ಫೋರ್ಡ್ ಎಸ್ಕಾರ್ಟ್‌ನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಸೆವೆನ್ ಮಾದರಿಯ ಚೌಕಟ್ಟಿಗೆ ಕೂರಿಸುವ ವಿಧಾನ ಅದರಲ್ಲಿತ್ತು. ಈ ಬಗೆಯ ಕಾರುಗಳಿಗೆ 'ಲೋಕಾಸ್ಟ್' ಎಂಬ ಹೆಸರೇ ನಿಂತುಹೋಯಿತು. 250 ಪೌಂಡಿನ ಲೆಕ್ಕವನ್ನು ಅಕ್ಷರಶಃ ನಂಬಿ ಹೊರಟವರು ಟೈರು, ಬಣ್ಣ, ಬ್ರೇಕ್ ಪೈಪುಗಳ ಹೊತ್ತಿಗೆ ಸತ್ಯ ತಿಳಿದುಕೊಂಡಿರಬೇಕು. ಅದೇ ಪ್ರಕಾಶನ 2007ರಲ್ಲಿ ಕ್ರಿಸ್ ಗಿಬ್ಸ್ ಬರೆದ, ಫೋರ್ಡ್ ಸಿಯೆರಾ ಆಧಾರಿತ ಹೊಸ ಕೈಪಿಡಿಯನ್ನು ತಂದಿತು.

ಟರ್ಬೊ ಮಾಡುವ ಕೆಲಸ

ಪೆಟ್ರೋಲ್ ಎಂಜಿನ್‌ನ ಶಕ್ತಿ ಅದು ಉಸಿರಾಡುವ ಗಾಳಿಯನ್ನು ಅವಲಂಬಿಸಿದೆ. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಸೈಲೆನ್ಸರ್‌ನಿಂದ ಹೊರಹೋಗಿ ವ್ಯರ್ಥವಾಗುವ ಬಿಸಿ ಹೊಗೆಯಿಂದ ಪುಟ್ಟ ಟರ್ಬೈನ್ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನವೇ ಟರ್ಬೊಚಾರ್ಜರ್. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬುಷಿ 1905ರಲ್ಲೇ ಇದರ ಪೇಟೆಂಟ್ ಪಡೆದಿದ್ದ. ಮುಷ್ಟಿಗಾತ್ರದ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ತಿರುಗುತ್ತವೆ. ಟರ್ಬೈನ್ ಬದಿಗೆ ತಗಲುವ ಹೊಗೆಯ ಉಷ್ಣತೆ 800ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಒತ್ತಡ ಮಿತಿಮೀರಿದಾಗ ಹೊಗೆಯನ್ನು ಟರ್ಬೈನ್‌ಗೆ ತಗಲಿಸದೆ ಪಕ್ಕದಿಂದ ಬಿಟ್ಟುಬಿಡುವ ಕವಾಟಕ್ಕೆ ವೇಸ್ಟ್‌ಗೇಟ್ ಎಂದು ಹೆಸರು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರಿಗೆಲ್ಲ ಇದು ಗೊತ್ತು. ಮಂಗಳೂರಿನಂಥ ಕಡಲತೀರದ ಊರಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯನ್ನು ವಾತಾವರಣದ ಒಂದೂವರೆ ಪಟ್ಟು ಒತ್ತಡಕ್ಕೆ, ಶೇ. 70ರಷ್ಟು ದಕ್ಷತೆಯ ಕಂಪ್ರೆಸರ್‌ನಿಂದ ಒತ್ತಿದರೆ ಅದರ ಉಷ್ಣತೆ 80 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಶೇ. 50ರಷ್ಟು ಏರಿದ್ದರೂ ಸಾಂದ್ರತೆ ಏರುವುದು ಶೇ. 28ರಷ್ಟು ಮಾತ್ರ. ಅದೇ ಗಾಳಿಯನ್ನು ಇಂಟರ್‌ಕೂಲರ್ ಎಂಬ ರೇಡಿಯೇಟರ್ ಮೂಲಕ ಹಾಯಿಸಿ 45 ಡಿಗ್ರಿಗೆ ಇಳಿಸಿದರೆ ಸಾಂದ್ರತೆಯ ಲಾಭ ಶೇ. 43ಕ್ಕೆ ಏರುತ್ತದೆ. ಒತ್ತಡವನ್ನು ಕಿಂಚಿತ್ತೂ ಹೆಚ್ಚಿಸದೆ ಬರೀ ತಂಪು ಮಾಡಿ ಗಳಿಸಿದ ಶಕ್ತಿಯಿದು. ಅನುಭವಿ ನಿರ್ಮಾಪಕರು ದೊಡ್ಡ ಟರ್ಬೊಗಿಂತ ಒಳ್ಳೆಯ ಇಂಟರ್‌ಕೂಲರ್‌ಗೆ ಹಣ ಹಾಕುವುದು ಇದಕ್ಕೇ.

ಶಾಖದಿಂದ ಬರುವ ದೊಡ್ಡ ಅಪಾಯ ಬೇರೆಯೇ ಇದೆ. ಒಳಬರುವ ಗಾಳಿ ಅತಿಯಾಗಿ ಬಿಸಿಯಾದರೆ ಸಿಲಿಂಡರ್‌ನಲ್ಲಿ ಮಿಶ್ರಣ ಕ್ರಮವಾಗಿ ಉರಿಯುವ ಬದಲು ಒಂದೆಡೆ ಸಿಡಿದುಬಿಡುತ್ತದೆ. ನಾಕಿಂಗ್ ಎಂದು ಮೆಕ್ಯಾನಿಕ್‌ಗಳು ಕರೆಯುವ ಈ ಸಿಡಿತ ಕೆಲವೇ ಕ್ಷಣಗಳಲ್ಲಿ ಪಿಸ್ಟನ್‌ನ ಅಂಚನ್ನು ಮುರಿಯಬಲ್ಲದು. 1962ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟರ್ಬೊ ಕಾರುಗಳಲ್ಲಿ ಒಂದಾದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್, ಇದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್‌ಗೆ ಸಿಂಪಡಿಸುತ್ತಿತ್ತು. ಮಾಲೀಕರು ಆ ದ್ರವವನ್ನು ತುಂಬಿಸಲು ಮರೆಯುತ್ತಿದ್ದರು. ಕೊನೆಗೆ ಟರ್ಬೊವನ್ನೇ ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಿಕೊಡಬೇಕಾಯಿತು. ಜನರು ಮರೆಯಬಹುದಾದ ಕೆಲಸವನ್ನು ಎಂಜಿನ್‌ನ ಆಯುಸ್ಸಿಗೆ ಗಂಟುಹಾಕಬಾರದು ಎಂಬುದನ್ನು ಹವ್ಯಾಸಿಗಳು ಈ ಕಾರಿನಿಂದ ಕಲಿಯಬಹುದು.

ಬೆಂಗಳೂರಿಗೆ ಸಂಬಂಧಿಸಿದ ಒಂದು ಮಾತು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ನಗರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ. 10ರಷ್ಟು ಕಡಿಮೆ. ಸಾಮಾನ್ಯ ಎಂಜಿನ್ ಅಷ್ಟರಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಈ ಕೊರತೆಯನ್ನು ತುಂಬಿಕೊಡಬಲ್ಲದು, ಆದರೆ ಅದಕ್ಕಾಗಿ ಇನ್ನಷ್ಟು ವೇಗವಾಗಿ ತಿರುಗಿ ಗಾಳಿಯನ್ನು ಇನ್ನಷ್ಟು ಬಿಸಿ ಮಾಡುತ್ತದೆ.

ನಕ್ಷೆ ಮತ್ತು ಚೌಕಟ್ಟು

ಸೆವೆನ್ ಮಾದರಿಯ ಚೌಕಟ್ಟು 25 ಮಿಲಿಮೀಟರ್ ಚದರದ, 1.6 ಮಿಲಿಮೀಟರ್ ದಪ್ಪಗೋಡೆಯ ಉಕ್ಕಿನ ಕೊಳವೆಗಳಿಂದ ಆಗುತ್ತದೆ. ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲೂ ಕಾಣುವಂಥ ಸಾಮಗ್ರಿ. ಗುಟ್ಟಿರುವುದು ಕೊಳವೆಗಳ ಜೋಡಣೆಯಲ್ಲಿ. ನಾಲ್ಕು ಕೊಳವೆಗಳ ಚೌಕವನ್ನು ಮೂಲೆ ಹಿಡಿದು ತಳ್ಳಿದರೆ ಓರೆಯಾಗುತ್ತದೆ. ಅದಕ್ಕೊಂದು ಕರ್ಣ ಸೇರಿಸಿ ಎರಡು ತ್ರಿಕೋನ ಮಾಡಿದರೆ ಅಲುಗುವುದಿಲ್ಲ. ಆದರೆ ಎಂಜಿನ್ ಇಳಿಸಲು, ಚಾಲಕ ಕಾಲು ಚಾಚಲು ತೆರವಾದ ಜಾಗ ಬೇಕು. ಎಲ್ಲಿ ಕರ್ಣ ಬೇಕೋ ಅಲ್ಲೇ ಎಂಜಿನ್ ಅಡ್ಡ ಬರುತ್ತದೆ. ಟರ್ಬೊ, ಅದರ ದಪ್ಪ ಪೈಪುಗಳು, ಇಂಟರ್‌ಕೂಲರ್ ಸೇರಿದಾಗ ಜಾಗದ ಜಗಳ ಇಮ್ಮಡಿಯಾಗುತ್ತದೆ. ಬೆಸುಗೆಗೆ ಮೊದಲು ಹಗುರ ಮರದ ಕಡ್ಡಿಗಳಿಂದ ಪುಟ್ಟ ಮಾದರಿ ಮಾಡಿ ಕೈಯಲ್ಲಿ ತಿರುಚಿ ನೋಡುವ ಹಳೆಯ ಪದ್ಧತಿ, ಕಂಪ್ಯೂಟರ್ ವಿಶ್ಲೇಷಣೆಯ ಈ ಕಾಲದಲ್ಲೂ ಉಪಯುಕ್ತವೇ. ದುರ್ಬಲ ಭಾಗ ಯಾವುದೆಂದು ಬೆರಳುಗಳಿಗೇ ತಿಳಿಯುತ್ತದೆ.

ಬೆಸುಗೆಯಾದ ಮೇಲೆ ಚೌಕಟ್ಟಿನ ತಿರುಚು ಬಿಗಿತವನ್ನು ಮನೆಯಲ್ಲೇ ಅಳೆಯಬಹುದು. ಹಿಂಭಾಗವನ್ನು ಸಸ್ಪೆನ್ಷನ್ ಬಿಂದುಗಳಲ್ಲಿ ನೆಲಕ್ಕೆ ಬಿಗಿದು, ಮುಂಭಾಗವನ್ನು ನಡುವಿನ ಒಂದು ಆಧಾರದ ಮೇಲೆ ನಿಲ್ಲಿಸಿ, ಅಡ್ಡಲಾಗಿ ಕಟ್ಟಿದ ಉದ್ದ ತೊಲೆಯ ತುದಿಗೆ ತೂಕ ತೂಗಿಬಿಡುವುದು. ನಡುಗೆರೆಯಿಂದ ಒಂದು ಮೀಟರ್ ದೂರದಲ್ಲಿ 100 ಕಿಲೋ ತೂಗಿದರೆ ಸುಮಾರು 980 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಚೌಕಟ್ಟು ಎಷ್ಟು ಡಿಗ್ರಿ ತಿರುಗಿತೆಂದು ಡಯಲ್ ಗೇಜ್‌ನಲ್ಲಿ ಓದಿದರೆ ಲೆಕ್ಕ ಮುಗಿಯಿತು. ಚೌಕಟ್ಟೇ ಸ್ಪ್ರಿಂಗಿನಂತೆ ತಿರುಚಿಕೊಂಡರೆ ಸಸ್ಪೆನ್ಷನ್‌ನ ಯಾವ ಹೊಂದಾಣಿಕೆಯೂ ಪ್ರಯೋಜನಕ್ಕೆ ಬಾರದು.

ಇನ್ನು ಎಂಜಿನ್. ಎಸ್ಕಾರ್ಟ್‌ಗಳು ಅಪರೂಪವಾದ ಮೇಲೆ ಮಜ್ದಾ ಎಂಎಕ್ಸ್-5 ಕಾರಿನ ಭಾಗಗಳು ಜನಪ್ರಿಯವಾದವು. 1989ರಲ್ಲಿ ಬಂದ ಅದರ 1.6 ಲೀಟರ್ ಎಂಜಿನ್, ಅದೇ ಕಂಪೆನಿಯ ಟರ್ಬೊ ಕಾರೊಂದರ ಎಂಜಿನ್‌ನ ಹತ್ತಿರದ ಸಂಬಂಧಿ. ಹಾಗಾಗಿ ಅಲ್ಪಸ್ವಲ್ಪ ಹೆಚ್ಚಿನ ಒತ್ತಡವನ್ನು ಅದು ಗೊಣಗದೆ ಸಹಿಸುತ್ತದೆ. ಸುಮಾರು 115 ಅಶ್ವಶಕ್ತಿಯ ಈ ಎಂಜಿನ್‌ಗೆ ಮೇಲೆ ಹೇಳಿದಷ್ಟು ಮಿತವಾದ ಟರ್ಬೊ ಒತ್ತಡ ಕೊಟ್ಟರೆ 150ರ ಆಸುಪಾಸು ನಿರೀಕ್ಷಿಸಬಹುದು. ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಕಾರಿನ ತೂಕ 550ರಿಂದ 600 ಕಿಲೋ ಮಾತ್ರ. ನಮ್ಮ ಹಳೆಯ ಮಾರುತಿ 800 ಸುಮಾರು 650 ಕಿಲೋ ತೂಗುತ್ತಿತ್ತು, ಅದರ ಆರಂಭಿಕ ಎಂಜಿನ್‌ನ ಶಕ್ತಿ 40 ಅಶ್ವಶಕ್ತಿಗೂ ಕಡಿಮೆ. ಮಾರುತಿಗಿಂತ ಹಗುರವಾದ ಕಾರಿಗೆ ಅದರ ನಾಲ್ಕು ಪಟ್ಟು ಶಕ್ತಿ ಎಂದರೆ ಏನೆಂದು ಊಹಿಸಿಕೊಳ್ಳಬಹುದು.

ಎಂಜಿನ್ ಮುಂದಿರಬೇಕೋ ಚಾಲಕನ ಬೆನ್ನ ಹಿಂದಿರಬೇಕೋ ಎಂಬುದು ಇನ್ನೊಂದು ಚರ್ಚೆ. ಮುಂಚಕ್ರ ಚಾಲನೆಯ ಕಾರಿನಿಂದ ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಇಡಿಯಾಗಿ ತೆಗೆದು ಹಿಂದಿನ ಚಕ್ರಗಳ ಮುಂದೆ ಕೂರಿಸುವುದು ಅಮೆರಿಕದ ಹವ್ಯಾಸಿಗಳಿಗೆ ಪ್ರಿಯ. ಉದ್ದದ ಪ್ರೊಪೆಲ್ಲರ್ ಶಾಫ್ಟ್ ಬೇಕಿಲ್ಲ, ತೂಕ ಹಿಂಚಕ್ರಗಳ ಮೇಲೆ ಬೀಳುವುದರಿಂದ ಹಿಡಿತವೂ ಹೆಚ್ಚು. ಆದರೆ ಬಿಸಿ ಟರ್ಬೊ, ಪೆಟ್ರೋಲ್ ಟ್ಯಾಂಕ್ ಮತ್ತು ಚಾಲಕನ ನಡುವೆ ಉಳಿಯುವುದು ಒಂದು ತೆಳು ತಗಡಿನ ಗೋಡೆ. ಗಾಳಿಯೂ ಅಲ್ಲಿಗೆ ಸುಲಭವಾಗಿ ನುಗ್ಗದು.

ಪುಸ್ತಕದಲ್ಲಿ ಕಾಣದ ಕೆಲಸಗಳು

ಟರ್ಬೊ ಜೋಡಣೆಯಲ್ಲಿ ಹೊಸಬರನ್ನು ಹೆಚ್ಚು ಕಾಡುವುದು ಆಯಿಲ್. ಎಂಜಿನ್‌ನಿಂದ ಬರುವ ಆಯಿಲ್‌ನ ತೆಳು ಪದರದ ಮೇಲೆಯೇ ಟರ್ಬೊದ ದಂಡ ತೇಲುತ್ತದೆ. ಒಳಬರುವಾಗ ಒತ್ತಡದಿಂದ ಬರುವ ಆಯಿಲ್, ಹೊರಹೋಗುವುದು ಮಾತ್ರ ತನ್ನ ಭಾರದಿಂದ ಇಳಿದು. ಆದ್ದರಿಂದ ವಾಪಸು ಪೈಪು ದಪ್ಪವಾಗಿದ್ದು, ಎಲ್ಲೂ ಮೇಲೇರದೆ ಒಂದೇ ಸಮನೆ ಇಳಿಜಾರಾಗಿರಬೇಕು. ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿದಂತಿರುವ ಕಾರಣ ಜಾಗ ಸಾಲದೆ ಟರ್ಬೊವನ್ನು ಕೆಳಗೆ ಕೂರಿಸುವ ಆಸೆ ಹುಟ್ಟುತ್ತದೆ. ಆಗ ಆಯಿಲ್ ಇಳಿಯದೆ ಸೀಲುಗಳ ಮೂಲಕ ಒಸರಿ, ಸೈಲೆನ್ಸರ್‌ನಿಂದ ನೀಲಿ ಹೊಗೆ ಏಳುತ್ತದೆ. ಟರ್ಬೊ ಕೆಟ್ಟಿದೆಯೆಂದು ಹೊಸದನ್ನು ಕೊಂಡು ಹಾಕಿದರೂ ಹೊಗೆ ನಿಲ್ಲದು, ಏಕೆಂದರೆ ತಪ್ಪು ಪೈಪಿನದು. ಎತ್ತರಿಸಲು ಸಾಧ್ಯವೇ ಇಲ್ಲದಿದ್ದರೆ ಆಯಿಲನ್ನು ಎಳೆದೊಯ್ಯುವ ಪ್ರತ್ಯೇಕ ಪಂಪ್ ಬೇಕು.

ಶಾಖದ ವಿಷಯದಲ್ಲಿ ಕಂಜೂಸಿತನ ಕೂಡದು. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್ ಇವ್ಯಾವುವೂ ಟರ್ಬೊದ ನೇರ ಎದುರಿನಲ್ಲಿ ಹಾಯಬಾರದು. ಅನಿವಾರ್ಯವಾದಲ್ಲಿ ನಡುವೆ ತಗಡಿನ ಕವಚ, ಆ ಕವಚದ ಎರಡೂ ಬದಿ ಗಾಳಿಯಾಡುವ ಸಂದು ಇರಬೇಕು. ಬ್ರೇಕ್ ದ್ರವ ಕುದಿದರೆ ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಅಪಘಾತದಲ್ಲಿ ತಾನಾಗಿ ಪೆಟ್ರೋಲ್ ಪಂಪ್ ನಿಲ್ಲಿಸುವ ಸ್ವಿಚ್ ಮತ್ತು ಕೈಗೆಟಕುವಲ್ಲಿ ಅಗ್ನಿಶಾಮಕ ಸಿಲಿಂಡರ್, ಮೊದಲ ದಿನದಿಂದಲೇ ಇರಬೇಕಾದ ವಸ್ತುಗಳು.

ಇಂಧನ ನಿಯಂತ್ರಣ ಒಂದು ಕಾಲದಲ್ಲಿ ಹವ್ಯಾಸಿಗಳ ಪಾಲಿಗೆ ಕಬ್ಬಿಣದ ಕಡಲೆ. 2000ದ ದಶಕದ ಆರಂಭದಲ್ಲಿ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಅಮೆರಿಕನ್ನರು 'ಮೆಗಾಸ್ಕ್ವಿರ್ಟ್' ಎಂಬ, ಬಿಡಿಭಾಗಗಳಿಂದ ತಾವೇ ಬೆಸೆದುಕೊಳ್ಳಬಹುದಾದ ಎಂಜಿನ್ ನಿಯಂತ್ರಕವನ್ನು ರೂಪಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಎಂಜಿನ್ ವೇಗ ಒಂದು ಬದಿ, ಒಳಗಾಳಿಯ ಒತ್ತಡ ಇನ್ನೊಂದು ಬದಿ ಇರುವ ಮಗ್ಗಿಯಂಥ ಕೋಷ್ಟಕದ ಪ್ರತಿ ಮನೆಯಲ್ಲೂ ಎಷ್ಟು ಪೆಟ್ರೋಲ್ ಬೇಕೆಂದು ಲ್ಯಾಪ್‌ಟಾಪ್‌ನಿಂದ ತುಂಬಬಹುದಾಯಿತು. ಶುದ್ಧ ಪೆಟ್ರೋಲ್ ಪೂರ್ಣ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಟರ್ಬೊ ಪೂರ್ಣ ಒತ್ತಡದಲ್ಲಿರುವಾಗ ಇದನ್ನು 12ಕ್ಕಿಂತ ತುಸು ಕೆಳಗೆ ಇಳಿಸಿ ಪೆಟ್ರೋಲ್ ಹೆಚ್ಚು ಕೊಡುವುದು ವಾಡಿಕೆ. ಹೆಚ್ಚಿನ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿಕೊಂಡು ಪಿಸ್ಟನ್‌ಗಳನ್ನು ಕಾಯುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೇಕಾಗುವ ಗಾಳಿ ಕಡಿಮೆ. ಹಾಗಾಗಿ ಬೇರೆ ದೇಶದ ಕೋಷ್ಟಕವನ್ನು ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ.

ಪರೀಕ್ಷಾ ಓಟ

ಪರೀಕ್ಷಾ ಓಟವೆಂದರೆ ಟೈರು ಸುಟ್ಟು ಹೊಗೆ ಎಬ್ಬಿಸುವ ದೃಶ್ಯ ಕಣ್ಣಮುಂದೆ ಬರುವುದು ಸಹಜ. ಬಲ್ಲವರ ಮೊದಲ ದಿನದ ಓಟ ನೋಡುಗರಿಗೆ ಬೇಸರ ತರಿಸುವಂತಿರುತ್ತದೆ. ಸ್ಪಾರ್ಕ್ ಪ್ಲಗ್ ಕಳಚಿ, ಪೆಟ್ರೋಲ್ ನಿಲ್ಲಿಸಿ, ಸ್ಟಾರ್ಟರ್‌ನಿಂದಲೇ ಎಂಜಿನ್ ತಿರುಗಿಸಿ ಆಯಿಲ್ ಒತ್ತಡದ ಮುಳ್ಳು ಏಳುವುದನ್ನು ಕಾಯಬೇಕು. ಒಣ ಬೇರಿಂಗ್ ಮೇಲೆ ಟರ್ಬೊ ತಿರುಗಿದರೆ ಅದರ ಆಯುಸ್ಸು ಅಂದೇ ಮುಗಿದಂತೆ. ನಂತರ ಎಂಜಿನ್ ಶುರು ಮಾಡಿ, ನಿಂತಲ್ಲೇ ಬಿಸಿಯಾಗಲು ಬಿಟ್ಟು, ಸೋರಿಕೆ ಹುಡುಕಿ, ಆರಿಸಿ, ಮತ್ತೆ ಎಲ್ಲ ನಟ್ಟು ಬೋಲ್ಟುಗಳನ್ನು ನೋಡಬೇಕು. ಬಿಗಿ ಮಾಡಿದ ಪ್ರತಿ ನಟ್ಟಿಗೂ ಬೋಲ್ಟಿಗೂ ಸೇರಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಸಡಿಲವಾದದ್ದು ಗೆರೆ ತಪ್ಪಿ ಕಣ್ಣಿಗೆ ಬೀಳುತ್ತದೆ.

ಕಾರು ಮೊದಲು ಚಲಿಸಬೇಕಾದದ್ದು ನಡಿಗೆಯ ವೇಗದಲ್ಲಿ. ಆಗ ನೋಡಬೇಕಾದದ್ದು ಒಂದೇ, ನಿಲ್ಲುತ್ತದೆಯೇ ಎಂದು. ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಮೊದಲು ಲಾಕ್ ಆಗಬೇಕು. ಹಿಂದಿನವು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ವೇಗ ಹೆಚ್ಚಿದಂತೆ ಬ್ರೇಕ್ ಹೀರಬೇಕಾದ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 100 ಕಿಲೋಮೀಟರಿನಿಂದ 160ಕ್ಕೆ ಏರಿದರೆ ಎರಡೂವರೆ ಪಟ್ಟಿಗೂ ಹೆಚ್ಚು. ನೇರ ರಸ್ತೆಯ ಕೊನೆಯಲ್ಲಿ ಹೊಸ ವೇಗ ತಂದುಕೊಡುವ ಟರ್ಬೊ, ಆ ಲೆಕ್ಕವನ್ನು ಬ್ರೇಕಿನ ಖಾತೆಗೆ ಬರೆದಿರುತ್ತದೆ.

ಇದಾದ ಮೇಲೆ ವೃತ್ತದ ಪರೀಕ್ಷೆ. ಖಾಲಿ ಮೈದಾನದಲ್ಲಿ 30 ಮೀಟರ್ ತ್ರಿಜ್ಯದ ವೃತ್ತ ಗುರುತಿಸಿ, ಜಾರದೆ ಸುತ್ತಬಹುದಾದ ಅತಿ ಕಡಿಮೆ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಅಳೆಯಲಾಗುತ್ತದೆ. 11 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿದರೆ ಟೈರುಗಳು ಗುರುತ್ವದಷ್ಟೇ ಪಾರ್ಶ್ವಬಲವನ್ನು ತಾಳುತ್ತಿವೆ ಎಂದರ್ಥ. ಮೂಗು ಹೊರಕ್ಕೆ ಜಾರುತ್ತದೆಯೋ ಬಾಲ ಹೊರಕ್ಕೆ ಜಾರುತ್ತದೆಯೋ ಎಂಬುದೂ ಇಲ್ಲೇ, ಕಡಿಮೆ ವೇಗದಲ್ಲೇ, ಗೊತ್ತಾಗುತ್ತದೆ. ಹೆದ್ದಾರಿಯ ತಿರುವಿನಲ್ಲಿ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಲೇಸು.

ಟರ್ಬೊದ ಸರದಿ ಎಲ್ಲಕ್ಕಿಂತ ಕೊನೆಗೆ. ವೇಸ್ಟ್‌ಗೇಟ್ ಸ್ಪ್ರಿಂಗ್ ಅನುಮತಿಸುವ ಕನಿಷ್ಠ ಒತ್ತಡದಲ್ಲೇ ಆರಂಭಿಸಿ, ಪ್ರತಿ ಓಟದ ಗಾಳಿ-ಇಂಧನ ಪ್ರಮಾಣ, ಒಳಗಾಳಿಯ ಉಷ್ಣತೆ, ನಾಕಿಂಗ್, ಆಯಿಲ್ ಒತ್ತಡಗಳನ್ನು ಲ್ಯಾಪ್‌ಟಾಪ್‌ನಲ್ಲಿ ದಾಖಲಿಸಿಕೊಂಡು, ಓಟ ಮುಗಿದ ಮೇಲೆ ನಿಂತು ಓದಬೇಕು. ಓಡಿಸುತ್ತಲೇ ಪರದೆ ನೋಡುವವರೂ ಇದ್ದಾರೆ, ಅದು ಅಪಾಯವನ್ನು ಕರೆದು ಕೂರಿಸಿಕೊಂಡಂತೆ. ಒತ್ತಡ ಹೆಚ್ಚಿದಾಗ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತಾ ಬಂದರೆ ಇಂಜೆಕ್ಟರ್ ಅಥವಾ ಪಂಪ್ ತನ್ನ ಮಿತಿ ಮುಟ್ಟಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸುವುದು ಜಾಣತನ. ಜೋರು ಓಟದ ನಂತರ ತಕ್ಷಣ ಎಂಜಿನ್ ಆರಿಸಬಾರದು. ನಿಂತ ಆಯಿಲ್ ಕಾದ ಟರ್ಬೊದೊಳಗೆ ಸುಟ್ಟು ಕರಿಯಾಗಿ ಅಂಟಿಕೊಳ್ಳುತ್ತದೆ. ಒಂದೆರಡು ನಿಮಿಷ ಮೆಲ್ಲಗೆ ಓಡಿಸಿ ತಣಿಸುವುದು ವಾಡಿಕೆ.

ಚಾಲಕ ಅರಿತುಕೊಳ್ಳಬೇಕಾದ ಇನ್ನೊಂದು ಗುಣ ಟರ್ಬೊದ ವಿಳಂಬ. ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೂ ಚಕ್ರ ವೇಗ ಪಡೆದು ಗಾಳಿ ತುಂಬುವುದಕ್ಕೂ ನಡುವೆ ಅಂತರವಿದೆ. ತಿರುವಿನ ನಡುವೆ ಒತ್ತಿದ ಶಕ್ತಿ ತಿರುವಿನ ಕೊನೆಯಲ್ಲಿ, ಬೇಡವಾದಾಗ, ಒಮ್ಮೆಲೇ ಬಂದು ಹಿಂಚಕ್ರಗಳ ಹಿಡಿತ ತಪ್ಪಿಸಬಹುದು. ಆರುನೂರು ಕಿಲೋ ತೂಕದ, ಎಲೆಕ್ಟ್ರಾನಿಕ್ ನೆರವಿಲ್ಲದ ಕಾರಿನಲ್ಲಿ ಇದನ್ನು ಸರಿಪಡಿಸಿಕೊಳ್ಳಲು ಸಿಗುವ ಸಮಯ ಅತ್ಯಲ್ಪ. ಸ್ವಾರಸ್ಯವೆಂದರೆ ಟರ್ಬೊ ಕಾರಿನಿಂದ ವಿಶ್ವ ಪ್ರಶಸ್ತಿ ತಂದುಕೊಟ್ಟ ಅದೇ ಗಾರ್ಡನ್ ಮರ್ರೆ, 1992ರಲ್ಲಿ ಅನಾವರಣಗೊಂಡ ಮೆಕ್ಲಾರೆನ್ ಎಫ್1 ರಸ್ತೆ ಕಾರಿಗೆ ಟರ್ಬೊ ಬೇಡವೆಂದು ನಿರ್ಧರಿಸಿ, ಬಿಎಂಡಬ್ಲ್ಯುವಿನ 6.1 ಲೀಟರಿನ 12 ಸಿಲಿಂಡರ್ ಎಂಜಿನ್ ಆರಿಸಿಕೊಂಡರು. ಕಾಲಿನ ಒತ್ತಿಗೆ ತಕ್ಷಣ ಓಗೊಡುವ ಎಂಜಿನ್ ಅವರಿಗೆ ಬೇಕಿತ್ತು. ಹವ್ಯಾಸಿಗೆ ಅಷ್ಟು ದುಬಾರಿ ಆಯ್ಕೆ ಇಲ್ಲ. ಬೇಗ ತಿರುಗುವ ಚಿಕ್ಕ ಟರ್ಬೊ ಹಾಕಿಕೊಂಡು, ಗರಿಷ್ಠ ಶಕ್ತಿಯ ಆಸೆ ತುಸು ಬಿಡುವುದೇ ಅವನಿಗೆ ಉಳಿದ ದಾರಿ. ಬಹುತೇಕ ಸಂದರ್ಭಗಳಲ್ಲಿ ಅದೇ ಒಳ್ಳೆಯ ದಾರಿಯೂ ಹೌದು.

ರಸ್ತೆಗಿಳಿಸಲು ಅನುಮತಿ

ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಸರ್ಕಾರಿ ತಪಾಸಣೆಗೆ ಒಡ್ಡಿ ನೋಂದಾಯಿಸಬಹುದು. 1998ರಲ್ಲಿ ಆರಂಭವಾದ ಈ ಪದ್ಧತಿಯನ್ನು 2009ರಲ್ಲಿ ಇನ್ನಷ್ಟು ಬಿಗಿಗೊಳಿಸಲಾಯಿತು. ಬ್ರೇಕ್, ದೀಪ, ಹೊಗೆ, ಶಬ್ದಗಳಷ್ಟೇ ಅಲ್ಲ, ಪಾದಚಾರಿಗೆ ತಗಲಬಹುದಾದ ಚೂಪು ಅಂಚುಗಳನ್ನೂ ಅಧಿಕಾರಿ ಅಳೆಯುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥ ವಾಹನಗಳಿಗೆ ಹೊಗೆ ನಿಯಮದಲ್ಲಿ ರಿಯಾಯಿತಿ ಇದೆ, ಆದರೆ ವರ್ಷಕ್ಕೆ 500 ವಾಹನಗಳಿಗೆ ಮಾತ್ರ.

ಭಾರತದಲ್ಲಿ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ವಾಹನ ತಯಾರಕರು ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಒಂದೇ ಕಾರು ಕಟ್ಟುವ ವ್ಯಕ್ತಿಗೆ ಈ ವೆಚ್ಚ ನಿಲುಕದ್ದು. ಇರುವ ಕಾರಿಗೇ ಟರ್ಬೊ ಹಾಕಿಸಿಕೊಳ್ಳೋಣವೆಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಮನೆಯಲ್ಲಿ ಕಟ್ಟಿದ ಕಾರಿನ ಪರೀಕ್ಷೆಗೆ ನಮ್ಮಲ್ಲಿ ರೇಸ್ ಟ್ರ್ಯಾಕ್ ಅಥವಾ ಖಾಸಗಿ ಜಾಗವೇ ಗತಿ. ಬೆಂಗಳೂರಿನವರಿಗೆ ಹತ್ತಿರದವೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎರಡನೆಯದು ಹೆಸರು ಪಡೆದಿರುವುದು ಎಸ್. ಕರಿವರ್ಧನ್ ಅವರಿಂದ. 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಬಳಸಿ ಒಂಟಿ ಆಸನದ ರೇಸ್ ಕಾರುಗಳನ್ನು ಸ್ವದೇಶದಲ್ಲೇ ಕಟ್ಟಿ, ಈ ಕ್ರೀಡೆಯನ್ನು ಮಧ್ಯಮ ವರ್ಗದ ಹುಡುಗರ ಕೈಗೆ ಎಟಕಿಸಿದವರು ಅವರು.

ಈಗ ಕರ್ನಾಟಕದಲ್ಲಿ ಸ್ವಂತ ವಿನ್ಯಾಸದ ಕಾರು ಕಟ್ಟುವ ಕೆಲಸ ನಡೆಯುತ್ತಿರುವುದು ಹೆಚ್ಚಾಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ 'ಅಶ್ವ ರೇಸಿಂಗ್' ತಂಡ ಇಂಥ ಪ್ರಯತ್ನಗಳಲ್ಲಿ ಮೊದಲ ಸಾಲಿನದು. ಫಾರ್ಮುಲಾ ವಿದ್ಯಾರ್ಥಿ ಸ್ಪರ್ಧೆಗಳ ನಿಯಮದಲ್ಲಿ ಎಂಜಿನ್ 710 ಸಿಸಿ ಮೀರುವಂತಿಲ್ಲ. ಟರ್ಬೊಗೆ ಅವಕಾಶವಿದೆ, ಆದರೆ ಎಂಜಿನ್ ಸೇರುವ ಅಷ್ಟೂ ಗಾಳಿ ಕಂಪ್ರೆಸರ್‌ಗೆ ಮುನ್ನವೇ 20 ಮಿಲಿಮೀಟರ್ ವ್ಯಾಸದ ಒಂದು ಕಿರುಗಂಡಿಯ ಮೂಲಕ ಹಾಯಬೇಕು. ಅಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಟರ್ಬೊ ಎಷ್ಟೇ ಎಳೆದರೂ ಇನ್ನೊಂದು ಗುಟುಕು ಹೆಚ್ಚು ಬಾರದು. ಹಾಗಿದ್ದೂ ಟರ್ಬೊ ಆರಿಸಿಕೊಳ್ಳುವ ತಂಡಗಳ ಉದ್ದೇಶ ಗರಿಷ್ಠ ಶಕ್ತಿಯಲ್ಲ, ಕಡಿಮೆ ಎಂಜಿನ್ ವೇಗದಲ್ಲಿ ಸಿಗುವ ಎಳೆತ. ಟ್ರ್ಯಾಕಿಗೆ ಬಿಡುವ ಮುನ್ನ ಕಾರನ್ನು ಚಾಲಕನ ಸಮೇತ ವಾಲಿಸಿ ನೋಡಲಾಗುತ್ತದೆ. 45 ಡಿಗ್ರಿ ವಾಲಿದಾಗ ಒಂದು ಹನಿಯೂ ಸೋರಬಾರದು, 60 ಡಿಗ್ರಿ ವಾಲಿದಾಗಲೂ ಮಗುಚಬಾರದು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರಗಳು ಲಾಕ್ ಆಗಬೇಕು. ಇಷ್ಟಾದ ಮೇಲೆಯೇ ಓಟಕ್ಕೆ ಅನುಮತಿಯ ಚೀಟಿ ಅಂಟಿಸಲಾಗುತ್ತದೆ.